ಇಬ್ಬರು ಹೇಳಿದರೆ ಚರಿತ್ರೆ

ಮೇಣ ಕರಗಿದ ವಾಸನೆ, ಮೇಲಿನ ಸಾಲಿನ ಕೋರೆಹಲ್ಲು ಸ್ವಲ್ಪ ಹೊರಗೆ ಇಣುಕ್ತಿದೆ, ಒಳಗೆ ಹೋಗು ಮಾರಾಯ, ಯಾರದೋ ಅಜ್ಜಿ ಬಾಯಿಗೆ ಹೋಗಬೇಕಾದೋನು ನೀನು, ಹೀಗೆ ಸೆಟೆದು ನಿಂತರೆ ಆಕೆ ನಗೋದು ಹೇಗೆ — ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸಿ ಬುಡಕ್ಕೆ ಮುಟ್ಟಿಸಿದೆ, ಮೆತ್ತಗಾಯ್ತು, ಒತ್ತಿದೆ, ಕೂತ್ಕೊಂಡ. ಹಲ್ಲಾದರೂ ಹೇಳಿದ ಮಾತು ಕೇಳುತ್ತೆ. ಫೋನು ಮೇಜಿನ ಮೇಲೆ ಮಕಾಡೆ ಮಲಗಿದೆ, ನೋಡಬಾರದು, ಈಗ ತಾನೇ ನೋಡಿದ್ದೀನಿ, ಏನೂ ಬಂದಿಲ್ಲ, ಎಂಟನೇ ದ್ವೀಪದ ಪುಟದ ನೆತ್ತಿ ಮೇಲೆ ಅದೇ ಹಳದಿ ಪಟ್ಟಿ, ವದಂತಿ, ಇವತ್ತು ಸಂಜೆ ಅಳಿಸಲಾಗುವುದು. ಆ ಪಟ್ಟಿ ಅಂಟಿಸೋ ನಿಯಮ ಮಾಡಿದವಳು ನಾನೇ. ಇಲ್ಲದ ದ್ವೀಪಗಳು, ಇಲ್ಲದ ರಾಜರು, ಇಲ್ಲದ ಯುದ್ಧಗಳು, ಎಲ್ಲೆಲ್ಲಿಯವರೋ ಒಂದಷ್ಟು ಜನ, ಒಬ್ಬರ ಮುಖ ಒಬ್ಬರು ನೋಡಿಲ್ಲ, ಅಂತರ್ಜಾಲದಲ್ಲಿ ಸೇರಿಕೊಂಡು ಅವುಗಳ ಚರಿತ್ರೆ ಬರೀತೀವಿ, ಇಸವಿ ಸಮೇತ. ಅಲ್ಲ ಕಣೇ, ಇರೋ ಊರಿನ ಚರಿತ್ರೆಯೇ ಯಾರಿಗೂ ಬೇಡ, ಇಲ್ಲದ ಊರಿಂದು ಕಟ್ಕೊಂಡು ನಿಮಗೇನು ಬಂತು ರೋಗ ಅಂತಾರೆ ಅತ್ತಿಗೆ. ರೋಗವೇ ಅತ್ತಿಗೆ, ಆದರೆ ಶಿಸ್ತಿನ ರೋಗ. ಒಬ್ಬರು ಹೇಳಿದರೆ ವದಂತಿ, ಇಬ್ಬರು ಹೇಳಿದರೆ ಚರಿತ್ರೆ. ನೀನು ಬರೆದದ್ದನ್ನ ಬೇರೊಬ್ಬರು ತಮ್ಮ ಬರಹದಲ್ಲಿ ಬಳಸ್ಕೊಂಡರೆ ಅದು ನಿಲ್ಲುತ್ತೆ, ಆಮೇಲೆ ಬ್ರಹ್ಮ ಬಂದರೂ ಅಳಿಸೋ ಹಾಗಿಲ್ಲ. ಯಾರೂ ಮುಟ್ಟಲಿಲ್ಲವೋ, ತಿಂಗಳ ಕೊನೆಗೆ ಗುಡಿಸಿ ಹಾಕೋದು. ಒಂದೇ ಮನೆಯವರು ಒಬ್ಬರಿಗೊಬ್ಬರು ಸಾಕ್ಷಿಯಾಗೋ ಹಾಗೂ ಇಲ್ಲ — ಅದೂ ನಂದೇ ಕಿತಾಪತಿ, ಒಂದು ಸಲ ಅಕ್ಕತಂಗಿ ಇಬ್ಬರು ಸೇರಿ ನೀನು ನನ್ನ ರಾಣಿನ ಹೊಗಳು ನಾನು ನಿನ್ನ ರಾಣಿನ ಹೊಗಳ್ತೀನಿ ಅಂತ ಮೂರನೇ ದ್ವೀಪದಲ್ಲಿ ಕಾಲಿಡೋಕೆ ಜಾಗ ಇಲ್ಲದಷ್ಟು ರಾಣಿಯರನ್ನ ತುಂಬಿದ್ದರು, ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾನೇ ಉದ್ದಕ್ಕೆ ಭಾಷಣ ಬಿಗಿದು ನಿಯಮ ಹಾಕಿಸಿದೆ, ಎಲ್ಲರೂ ಭೇಷ್ ಅಂದರು. ಈಗ ಅನುಭವಿಸು.

ಯಾಕಂದರೆ ಎಂಟನೇ ದ್ವೀಪ ಅಣ್ಣಂದು. ಬಸ್ಸು ಓಡಿಸ್ತಿದ್ದ ಅಣ್ಣ, ಹೆದ್ದಾರಿಯಲ್ಲಿ ಎದುರಿಗೆ ಬಂದೋರಿಗೆಲ್ಲ ಬೈದು ಬೈದು ಗಂಟಲು ದಪ್ಪ ಮಾಡ್ಕೊಂಡಿದ್ದ ಅಣ್ಣ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಉಜ್ಜುತ್ತಾ ಕುಸಿದ, ಪಾರ್ಶ್ವವಾಯು, ಬಲಗೈ ಹೋಯ್ತು, ಬಲಗಾಲು ಎಳೀತಾನೆ, ಮಾತು ಅನ್ನೋದು ಪೂರ್ತಿ ಹೋಗಿ ಥೂ ಒಂದೇ ಉಳೀತು. ಬೇಕಾ ಅಂದರೂ ಥೂ, ಬೇಡವಾ ಅಂದರೂ ಥೂ. ಎಡಗೈಯಲ್ಲಿ ಏನಾದರೂ ಟೈಪು ಮಾಡಿಸಿ, ಏನಾದರೂ ಸರಿ, ಅಂದಳು ವ್ಯಾಯಾಮ ಮಾಡಿಸೋಕೆ ಬರೋಳು, ನಾನು ನಮ್ಮ ದ್ವೀಪಗಳ ತಾಣದಲ್ಲೇ ಅವನಿಗೂ ಒಂದು ಖಾತೆ ತೆರೆದುಕೊಟ್ಟೆ, ಬರಿ ಅಣ್ಣಾ, ಬಾಯಿಗೆ ಬಂದದ್ದು ಅನ್ನಕ್ಕೆ ಹೋಗಿ ಮನಸ್ಸಿಗೆ ಬಂದದ್ದು ಬರಿ ಅಂದೆ. ಒಂದೇ ಬೆರಳು, ಹುಡುಕಿ ಹುಡುಕಿ ಒತ್ತಿ, ವಾರಗಟ್ಟಲೆ ಕೂತು ಬರೆದ. ಎಂಟನೇ ದ್ವೀಪ. ಅಲ್ಲಿ ಒಬ್ಬ ಕಾವಲುಗಾರ. ದೀಪದ ಗೋಪುರ ಅವನದು. ಬಲಗಡೆ ಸಮುದ್ರ ಇಲ್ಲ. ದಿನಾ ದೋಣಿ ಬರುತ್ತಂತೆ. ಅವನು ನೋಡಿಲ್ಲ. ಅಷ್ಟೇ. ಇಷ್ಟೇನಾ ಅಂತ ನನಗೆ ಅನ್ನಿಸಿದ್ದು ನಿಜ, ಒಂದು ಕೊಲೆ ಇಲ್ಲ, ಒಂದು ಪಟ್ಟಾಭಿಷೇಕ ಇಲ್ಲ, ಇದನ್ನ ಯಾರು ಬಳಸ್ತಾರೆ, ಆದರೆ ಪ್ರಕಟಿಸು ಅನ್ನೋದನ್ನ ಒತ್ತಿದಾಗ ಅವನ ಮುಖ ನೋಡಬೇಕಿತ್ತು, ಹೊಸ ಬಸ್ಸಿನ ಕೀಲಿ ಕೈಗೆ ಸಿಕ್ಕಿದ ದಿನದ ಮುಖ. ಅವತ್ತಿಂದ ನಾನು ಕೆಲಸದಿಂದ ಹೋಗಿ ಚಪ್ಪಲಿ ಬಿಡೋ ಮೊದಲೇ ಎರಡು ಬೆರಳು ಎತ್ತುತ್ತಾನೆ, ಇಬ್ಬರಾದರಾ? ನಾನು ಒಂದು ಬೆರಳು ತೋರಿಸ್ತೀನಿ. ಥೂ. ನನಗಲ್ಲ, ಇಡೀ ಪ್ರಪಂಚಕ್ಕೆ. ಇವತ್ತು ಸಂಜೆ ಯಾವ ಬೆರಳು ತೋರಿಸಲಿ, ಅಳಿಸಿಹಾಕಿದರು ಅನ್ನೋದಕ್ಕೆ ಬೆರಳು ಎಲ್ಲಿದೆ.

ಏನಮ್ಮಾ, ಎಡಬಲ ನೋಡ್ಕೊಂಡ್ಯಾ? ಲ್ಯಾಬಿನ ಯಜಮಾನರು ನನ್ನ ಮೇಜು ದಾಟಿ ಹೋಗ್ತಾ ಕೇಳಿದರು, ದಿನಾ ಕೇಳ್ತಾರೆ, ನೋಡ್ಕೊಂಡೆ ಸಾರ್. ಹಲ್ಲಿನ ಸೆಟ್ಟು ಕಟ್ಟೋ ಈ ಕಸುಬಿನ ಮೊದಲ ಪಾಠ ಅದು, ಬಾಯಿ ನಿನ್ನ ಕಡೆ ಮುಖ ಮಾಡಿರುತ್ತೆ, ಅವರ ಬಲ ನಿನಗೆ ಎಡ, ನಾನು ಒಂದು ಸಲವೂ ತಪ್ಪಿಲ್ಲ. ಮನೆಯಲ್ಲಿ ಮಾತ್ರ ಯಾವುದೂ ನೆಟ್ಟಗೆ ಕೂರಲ್ಲ. ಅಣ್ಣ ತಟ್ಟೆಯಲ್ಲಿ ಅರ್ಧ ಉಂಡು ಅರ್ಧ ಬಿಡ್ತಾನೆ, ಗೆರೆ ಎಳೆದ ಹಾಗೆ, ನನ್ನ ಕೈ ಅಡುಗೆ ಮೇಲೆ ಕೋಪ ನಿಮ್ಮಣ್ಣಂಗೆ, ತರಕಾರಿ ಇದ್ದ ಕಡೆ ಕಣ್ಣೆತ್ತಿ ನೋಡಲ್ಲ ಅಂತ ಅತ್ತಿಗೆ ಕಣ್ಣೊರೆಸ್ಕೋತಾರೆ. ನಾನು ಹೊರಡೋ ಮೊದಲು ಅವನ ಪಕ್ಕದ ಸ್ಟೂಲಿನ ಮೇಲೆ ಟೀ ಇಡ್ತೀನಿ, ಟೀ ಇಟ್ಟಿದ್ದೀನಿ ಅಣ್ಣಾ ಅಂದರೆ ಕಿಟಕಿ ಕಡೆ ಮುಖ ತಿರುಗಿಸ್ತಾನೆ, ಅತ್ತಿಗೆ ಬಂದು ನೋಡಿದರೆ ಹಾಗೇ ಇರುತ್ತೆ, ಮೇಲೆ ಕೆನೆ ಕಟ್ಟಿ. ಕಣ್ಣೇನಾದರೂ ಮಂಜಾ ಅಂತ ಕನ್ನಡಕದ ಅಂಗಡಿಗೂ ಕರ್ಕೊಂಡು ಹೋದ್ವಿ, ಎದುರಿಗೆ ಹಿಡಿದ ಅಕ್ಷರಗಳನ್ನೆಲ್ಲ ಎಡಗೈಯಲ್ಲಿ ಬರೆದು ತೋರಿಸಿದ, ಕಣ್ಣು ಚೆನ್ನಾಗಿದೆ ಅಂದರು. ಮತ್ತೇನು, ಹಟ. ಇವತ್ತು ಬೆಳಿಗ್ಗೆ ನನಗೂ ರೇಗಿತು, ಕುಡಿಯೋದಾದರೆ ಕುಡಿ, ಇಲ್ಲದಿದ್ದರೆ ನಾಳೆಯಿಂದ ಮಾಡಲ್ಲ, ಪುಕ್ಕಟೆ ಬರುತ್ತಾ ಹಾಲು — ಅಂದುಬಿಟ್ಟು ಬಂದೆ. ಕೆಳಗಿನ ಸಾಲು ಈಗ, ದವಡೆ ಹಲ್ಲು, ಇದು ಸುಲಭ. ಸೇನಾಪತಿಗೆ ಒಂದು ಮಾತು ಬರೆದರೆ ಹೇಗೆ? ಸೇನಾಪತಿ ಅಂತ ನಾವೇ ಇಟ್ಟ ಹೆಸರು, ಯುದ್ಧ ಬಿಟ್ಟು ಬೇರೇನೂ ಬರೆಯಲ್ಲ ಆ ಮನುಷ್ಯ, ನಾನು ಏರಿಗೆಳೆದರೆ ಅವನು ನೀರಿಗೆ. ಅಣ್ಣನ ಪುಟದ ಕೆಳಗೂ ಬಂದು ಕೊಕ್ಕೆ ಹಾಕಿದ್ದ, ದ್ವೀಪ ಅಂದಮೇಲೆ ಸುತ್ತಲೂ ಸಮುದ್ರ ಇರಬೇಕು, ಬಲಗಡೆ ಯಾಕಿಲ್ಲ? ಅಣ್ಣ ಎರಡು ದಿನ ಕೂತು ಉತ್ತರ ಒತ್ತಿದ, ಇದೆ. ಅವನಿಗಿಲ್ಲ. ಹೋಯ್ತು, ಇನ್ನು ಇವನ ಕಾಲೆಳೀತಾರೆ ಅಂದ್ಕೊಂಡೆ, ಸೇನಾಪತಿದು ಆಮೇಲೆ ಸದ್ದೇ ಇಲ್ಲ. ನಿನ್ನೆ ಬರೆದೆ, ಸ್ವಾಮಿ, ಅದು ನನ್ನಣ್ಣ, ಹುಷಾರಿಲ್ಲ, ಒಂದೇ ಒಂದು ಸಾಲು ಎಲ್ಲಾದರೂ ಸೇರಿಸಿ ಅಂತ, ಬರೆದು ಅಳಿಸಿದೆ. ಟಿಕೆಟ್ಟಿಲ್ಲದೆ ಹೆಂಡತಿಯನ್ನೂ ಬಸ್ಸು ಹತ್ತಿಸದ ಮನುಷ್ಯ, ಕನಿಕರಕ್ಕೆ ಬಂದ ಸಾಕ್ಷಿ ಅವನಿಗೆ ಬೇಡ, ಗೊತ್ತಾದರೆ ನನಗೇ ಥೂ.

ಫೋನು ಮೇಜಿನ ಮೇಲೆ ಗುರ್ರ್ ಅಂತು. ಮೇಣದ ಕೈ, ಬಟ್ಟೆಗೆ ಒರೆಸಿ ತಿರುಗಿಸಿದೆ, ಸೇನಾಪತಿ, ಹೊಸ ಬರಹ, ಐದನೇ ದ್ವೀಪದ ದಂಡಯಾತ್ರೆ, ಹಡಗಿನ ಮೇಲೆ ಹಡಗು, ಫಿರಂಗಿಯ ಮೇಲೆ ಫಿರಂಗಿ, ಎಲ್ಲಿದೆ ಎಲ್ಲಿದೆ, ಇಲ್ಲಿ — ಎಂಟನೇ ದ್ವೀಪದ ಕಾವಲುಗಾರನಿಗೆ ಬಲಗಡೆ ಏನೂ ಕಾಣುವುದಿಲ್ಲವೆಂದು ನಮ್ಮ ಗೂಢಚಾರರು ತಿಳಿಸಿದ್ದರು. ಹಡಗುಗಳೆಲ್ಲ ಅವನ ಬಲಗಡೆಯಿಂದಲೇ ಬಂದವು. ಬಂದರು ಉರಿದುಹೋಯಿತು. ಅವನ ತಪ್ಪಲ್ಲ, ಅವನು ಎಚ್ಚರವಾಗಿಯೇ ಇದ್ದ. ಅಯ್ಯೋ, ಬಂತು, ಹಳದಿ ಪಟ್ಟಿ ಹೋಯ್ತು, ಪುಟದ ನೆತ್ತಿ ಖಾಲಿ, ಚರಿತ್ರೆ ಕಣೋ ಅಣ್ಣ, ಇನ್ನು ಯಾರಪ್ಪನ ಕೈಲೂ ಅಳಿಸೋಕಾಗಲ್ಲ! ಜೋರಾಗಿ ಅಂದುಬಿಟ್ಟೆನೋ ಏನೋ, ಯಜಮಾನರು ಕನ್ನಡಕದ ಮೇಲಿಂದ ನೋಡಿದರು, ಏನಿಲ್ಲ ಸಾರ್, ಮನೆಯ ವಿಷಯ, ಒಳ್ಳೇದೇ. ಬಂದರು ಸುಟ್ಟರೆ ಸುಡಲಿ ಬಿಡು, ಸಂಜೆ ಬಾಗಿಲಲ್ಲೇ ಎರಡು ಬೆರಳು ಎತ್ತಿ ನಿಲ್ತೀನಿ, ಚಪ್ಪಲಿ ಕೂಡ ಬಿಡಲ್ಲ. ಇನ್ನೊಂದು ಸಲ ಓದೋಣ, ಬಾಯಿಪಾಠ ಮಾಡಿ ಹೇಳಬೇಕು ಅವನಿಗೆ, ಬಲಗಡೆ ಏನೂ ಕಾಣುವುದಿಲ್ಲ — ಕಾಣುವುದಿಲ್ಲ ಅಂತ ಅಣ್ಣ ಎಲ್ಲಿ ಬರೆದಿದ್ದ, ಸಮುದ್ರ ಇಲ್ಲ ಅಂತಲ್ಲವಾ ಬರೆದದ್ದು, ಇದೆ, ಅವನಿಗಿಲ್ಲ, ಸಮುದ್ರ ಇದೆ, ಅವನಿಗಿಲ್ಲ. ಅಣ್ಣನ ಮುಖವನ್ನೇ ನೋಡಿರದ ಆ ಜಗಳಗಂಟನಿಗೆ ಅರ್ಥವಾದದ್ದು ಒಂದೇ ಮನೆಯಲ್ಲಿರೋ ನನಗಾಗಲಿಲ್ಲ. ತರಕಾರಿ ತಟ್ಟೆಯ ಯಾವ ಕಡೆ ಬಡಿಸ್ತಾರೆ ಅತ್ತಿಗೆ, ಬಲಗಡೆ. ನಡೆಯುವಾಗ ಅವನು ಬಾಗಿಲಿಗೆ ಢಿಕ್ಕಿ ಹೊಡೆಯೋದು ಯಾವ ಭುಜ, ಬಲಭುಜ, ಕಾಲು ಎಳೆಯೋದಕ್ಕೆ ಅಂದ್ಕೊಂಡಿದ್ವಿ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ನೇರ ಎದುರಿಗಿತ್ತು, ಪಕ್ಕದಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ಕಿಟಕಿ ಇರೋದು ಅವನ ಎಡಗಡೆ, ಟೀ ಅಂದಾಗ ಅವನು ಮುಖ ತಿರುಗಿಸ್ತಿರಲಿಲ್ಲ, ಹುಡುಕ್ತಿದ್ದ, ಅವನಿಗಿರೋ ಕಡೆಯಲ್ಲೆಲ್ಲ ಹುಡುಕ್ತಿದ್ದ. ಅವನಾದರೂ ಹೇಗೆ ಹೇಳ್ತಾನೆ, ಕಾಣದ್ದನ್ನ ಕಾಣಲಿಲ್ಲ ಅಂತ ಥೂ ಒಂದರಲ್ಲಿ. ಹೇಳಿದ್ದಾನಲ್ಲ, ವಾರಗಟ್ಟಲೆ ಕೂತು, ಒಂದೇ ಬೆರಳಲ್ಲಿ. ಕೊಲೆ ಇಲ್ಲ ಪಟ್ಟಾಭಿಷೇಕ ಇಲ್ಲ ಅಂದೆ ನಾನು. ಚಾಕು ಉರಿಯ ಮೇಲೇ ಇದೆ, ಮೇಣ ತೊಟ್ಟಿಕ್ತಿದೆ, ಸ್ಟೂಲು ಎಲ್ಲಿದೆ, ನಾನು ಅವನ ಎದುರು ನಿಲ್ತೀನಿ, ಬಲಭುಜಕ್ಕೆ ಚೀಲ, ಎಡಗೈಯಲ್ಲಿ ಲೋಟ, ಬಗ್ಗಿ ನನ್ನ ಎಡಕ್ಕೆ ಇಡ್ತೀನಿ, ನನ್ನ ಎಡ — ಅವರ ಬಲ ನಿನಗೆ ಎಡ, ಮೊದಲ ಪಾಠ — ದಿನಾ ದೋಣಿ ಬರುತ್ತಂತೆ, ಅವನು ನೋಡಿಲ್ಲ — ಇವತ್ತೂ ಇಟ್ಟು ಬಂದೆ, ಬೈದು ಬಂದೆ, ಈಗಲೂ ಅಲ್ಲೇ ಇರುತ್ತೆ, ಸ್ಟೂಲಿನ ಮೇಲೆ, ಅಣ್ಣನ ಬಲಗಡೆ, ಕೆನೆ ಕಟ್ಟಿದ ಟೀ.