ಬಸ್ಸಜ್ಜನ ಸಾಕ್ಷಿ

ಸೊಸೆಯನ್ನು ಹೊಗಳುವ ಅತ್ತೆ ಊರಿಗೊಬ್ಬಳೂ ಸಿಗುವುದಿಲ್ಲ ಎನ್ನುತ್ತಾರೆ. ಇಲ್ಲೊಬ್ಬಳಿದ್ದೇನೆ, ಬಂದು ನೋಡಿ. ನನ್ನ ಮಗ ಆಸ್ಪತ್ರೆಯಲ್ಲಿ ನರ್ಸ್. ಅವನ ಕೆಲಸದ ಬೆನ್ನು ಹತ್ತಿ ನಾವು ಮೂವರೂ ಈ ಪರದೇಶಕ್ಕೆ ಬಂದೆವು. ಸೊಸೆ ನಮ್ಮ ಕಡೆ ಎಂಟು ವರ್ಷ ಪ್ರೋಗ್ರಾಂ ಬರೆದವಳು, ಅವಳ ಕೈಕೆಳಗೆ ಜನ ಇದ್ದರು. ಇಲ್ಲಿ ಅವಳನ್ನು ಮೂಸಿ ನೋಡುವವರೂ ಇಲ್ಲ. ಅರ್ಜಿ ಹಾಕಿದ ಕಡೆಯೆಲ್ಲ ಒಂದೇ ಪಲ್ಲವಿ: ನಿಮಗೆ ಈ ದೇಶದ ಅನುಭವ ಇಲ್ಲ. ಅಲ್ಲಾ, ಕೆಲಸ ಕೊಟ್ಟರಲ್ಲವೇ ಅನುಭವ ಬರುವುದು? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ತರಕಾರಿ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಹಿಡಿದಳು. ತರಕಾರಿ ಬಾಡದಿರಲೆಂದು ಒಳಗೆಲ್ಲ ಥಂಡಿ, ಅವಳ ಬೆರಳ ತುದಿ ಬಿರಿದು ಹೋಗಿತ್ತು. ಮೊದಮೊದಲು ಸಂಜೆ ಬಂದು, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಬರಬರುತ್ತಾ ಅದೂ ಕಡಿಮೆಯಾಯಿತು. ಯಾವ ಕೆಲಸವೂ ಕೀಳಲ್ಲ, ಒಪ್ಪಿದೆ. ಆದರೂ ಆ ಲ್ಯಾಪ್‌ಟಾಪಿನ ಮೇಲೆ ಧೂಳು ಕೂರುವುದನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಅವಳು ಇಲ್ಲಿ ಬರೆದದ್ದು ಒಂದೇ ಪ್ರೋಗ್ರಾಂ, ಅದೂ ಪುಕ್ಕಟೆ. ನಮ್ಮ ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ಎರಡೇ ಬಟ್ಟೆ ಒಗೆಯುವ ಮಷೀನು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆದು ಸರದಿ ಹಿಡಿಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದುಹಾಕುವುದು, ಆಮೇಲೆ ಮೆಟ್ಟಿಲ ಮೇಲೆ ಎದುರಾದರೆ ಮುಖ ತಿರುಗಿಸುವುದು. ನಲ್ಲಿಯ ಮುಂದಿನ ಜಗಳವನ್ನು ಊರಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದೆ, ಅದೂ ವಿಮಾನ ಹತ್ತಿ ನನ್ನ ಹಿಂದೆಯೇ ಬಂದಿತ್ತು. ಸೊಸೆ ನೋಡುವಷ್ಟು ನೋಡಿ, ಫೋನಿನಲ್ಲೇ ಸರದಿ ಹಿಡಿಯುವ ಪ್ರೋಗ್ರಾಂ ಬರೆದುಕೊಟ್ಟಳು. ಕಟ್ಟಡ ತಣ್ಣಗಾಯಿತು.

ಆಮೇಲೆ ಚಳಿಗಾಲ ಬಂತು. ಈ ದೇಶದಲ್ಲಿ ಚಳಿಗಾಲಕ್ಕೆ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ! ಸೂರ್ಯನ ಜೊತೆಗೂ ಚೌಕಾಸಿ. ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಇದು ಕನಸಿನಲ್ಲಾದರೂ ಹೊಳೆಯುವ ಸಂಗತಿಯೇ? ಗಡಿಯಾರಗಳೆಲ್ಲ ತಿರುಗಿದವು, ಸೊಸೆಯ ಪ್ರೋಗ್ರಾಂ ತಿರುಗಲಿಲ್ಲ. ಸರದಿಗಳು ಒಂದರ ಮೇಲೊಂದು ಬಿದ್ದವು. ಮೇಲಿನ ಮನೆಯಾಕೆ ತನ್ನ ಸರದಿಯೆಂದು ಬಂದು, ಮಷೀನಿನೊಳಗಿದ್ದ ಕೆಳಮನೆ ಅಜ್ಜನ ಒದ್ದೆ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದಳು. ಸೊಸೆ ಮನೆಮನೆಗೂ ಹೋಗಿ ತಪ್ಪು ತನ್ನದೆಂದು ಹೇಳಿ ಬಂದಳು. ಮುಚ್ಚಿಡಬೇಕಾದದ್ದನ್ನು ಹೀಗೆ ಡಂಗುರ ಸಾರುತ್ತಾರೆಯೇ ಎಂದು ನಾನು ಬೈದಿದ್ದೆ.

ಆ ಅಜ್ಜ ನಿವೃತ್ತ ಬಸ್ ಡ್ರೈವರ್. ಅವರಿಗೆ ಬಸ್ಸಜ್ಜ ಎಂದು ಹೆಸರಿಟ್ಟವಳು ನಾನೇ. ಕಿವಿ ಮಂದ, ನಾಲಿಗೆ ಬಲು ಚುರುಕು. ನಕ್ಕದ್ದನ್ನು ಕಂಡವರಿಲ್ಲ.

ಗಡಿಯಾರ ಮತ್ತೆ ಮುಂದಕ್ಕೆ ತಿರುಗಿ, ಬಿಸಿಲು ಕಾಣತೊಡಗಿದ ಮೇಲೆ ಒಂದು ಸಂದರ್ಶನಕ್ಕೆ ಕರೆ ಬಂತು. ಆಸ್ಪತ್ರೆಗಳಿಗೆ ರೋಗಿಗಳ ಸರದಿ ಗೊತ್ತುಮಾಡುವ ಸಾಫ್ಟ್‌ವೇರ್ ತಯಾರಿಸುವ ಸಣ್ಣ ಕಂಪನಿ. ಸೊಸೆ ಹೋಗಿ ಬಂದವಳೇ ಗೋದಾಮಿನ ಪಾಳಿಗೆ ಬಟ್ಟೆ ಬದಲಿಸುತ್ತಾ ಹೇಳಿದಳು:

"ಚೆನ್ನಾಗೇ ಆಯ್ತು ಅತ್ತೆ. ಈ ದೇಶದಲ್ಲಿ ನಿಮ್ಮ ಕೆಲಸ ನೋಡಿದವರ ಹೆಸರು ಕೊಡಿ, ಫೋನ್ ಮಾಡಿ ವಿಚಾರಿಸ್ತೀವಿ ಅಂದ್ರು. ಬಸ್ಸಜ್ಜನ ಹೆಸರು ಕೊಟ್ಟೆ."

"ಅಯ್ಯೋ ನಿನ್ನ! ಹೋಗಿ ಹೋಗಿ ಅವರದ್ದಾ? ಬೇರೆ ಯಾರೂ ಸಿಗ್ಲಿಲ್ವಾ?"

"ಅವರೇ ಸರಿ, ಬಿಡಿ. ಇದೂ ಕೈತಪ್ಪಿದ್ರೆ ಗೋದಾಮಿನಲ್ಲೇ ಖಾಯಂ ಆಗ್ಬಿಡ್ತೀನಿ. ಅಲ್ಲಿಯವರು ಕೇಳ್ತಾನೇ ಇದಾರೆ. ಈ ಪ್ರೋಗ್ರಾಮಿನ ಆಸೆ ಇಲ್ಲಿಗೆ ಸಾಕು." ಬೇಸರದಿಂದಲ್ಲ, ಹಾಲು ತರಬೇಕು ಎನ್ನುವಷ್ಟು ಸಲೀಸಾಗಿ ಹೇಳಿ ಹೊರಟುಹೋದಳು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ತಲೆ ನೆರೆಸಿಕೊಂಡವಳು. ಸಂಬಂಧ ವಿಚಾರಿಸುವ ಟ್ರಂಕ್ ಕಾಲ್‌ಗಳು ನನ್ನ ಕಿವಿಗೆ ಎಷ್ಟು ಬಿದ್ದಿಲ್ಲ! ಹುಡುಗಿ ಹೇಗೆ, ಮನೆತನ ಹೇಗೆ ಎಂದು ಪಕ್ಕದ ಮನೆಯವರನ್ನು ಕೇಳುತ್ತಾರೆ. ಅವರು 'ಚಿನ್ನದಂಥ ಹುಡುಗಿ' ಎಂದರೆ ವಾಲಗ ಊದಿಸಬಹುದು. 'ಹೂಂ, ಪರವಾಗಿಲ್ಲ' ಎಂದು ರಾಗ ಎಳೆದರೆ ಸಂಬಂಧ ಮುರಿಯಿತು ಎಂದೇ ಲೆಕ್ಕ. ಇದೂ ಅಂಥದ್ದೇ ವಿಚಾರಣೆ ತಾನೇ? ಬಿಸಿಬಿಸಿ ತಿಂಡಿ ಮಾಡಿ, ಡಬ್ಬಿಗೆ ತುಂಬಿಕೊಂಡು ಕೆಳಗಿಳಿದೆ. ಎಕ್ಸ್‌ಚೇಂಜಿನ ಪುಣ್ಯ, ಇಲ್ಲಿಯ ಭಾಷೆ ನನಗೆ ಹರಕುಮುರುಕಾಗಿ ಬರುತ್ತದೆ.

"ಯಜಮಾನ್ರೇ, ನನ್ನ ಸೊಸೆ ಬಗ್ಗೆ ಫೋನ್ ಬರುತ್ತೆ. ಚಿನ್ನದಂಥ ಹುಡುಗಿ, ತಪ್ಪು ಅನ್ನೋದೇ ಗೊತ್ತಿಲ್ಲ ಅನ್ನಿ. ಆ ಒದ್ದೆ ಬಟ್ಟೆ ವಿಷಯ ಮಾತ್ರ ಎತ್ತಬೇಡಿ, ನಿಮ್ಮ ದಮ್ಮಯ್ಯ."

ಬಸ್ಸಜ್ಜ ಒಂದು ತುಂಡು ಬಾಯಿಗೆ ಹಾಕಿಕೊಂಡರು. "ಚೆನ್ನಾಗಿದೆ" ಎಂದರು. ತಿಂಡಿಯ ವಿಷಯಕ್ಕೋ ನನ್ನ ಮಾತಿಗೋ ತಿಳಿಯಲಿಲ್ಲ.

ಮರುದಿನ ಖಾಲಿ ಡಬ್ಬಿ ಈಸಿಕೊಳ್ಳಲು ಹೋಗಿ ನಿಂತಿದ್ದೇನೆ, ಅಷ್ಟರಲ್ಲಿ ಫೋನು ಬಂತು. ಕಿವಿ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಇಡೀ ಕೋಣೆಗೆ ಕೇಳುವಂತೆ ಮಾತಾಡುತ್ತದೆ. ಒಬ್ಬ ಹೆಂಗಸಿನ ದನಿ ನನ್ನ ಸೊಸೆಯ ಕೆಲಸ ಹೇಗೆಂದು ಕೇಳಿತು.

"ಆಕೆ ದಯೆಯಿಂದ ನನ್ನ ಬಟ್ಟೆಯೆಲ್ಲ ನೆಲದ ಪಾಲಾಯ್ತು" ಎಂದರು ಬಸ್ಸಜ್ಜ.

ನಾನು ಕೈಯಾಡಿಸಿದೆ, ತುಟಿಗೆ ಬೆರಳಿಟ್ಟೆ, ಡಬ್ಬಿ ಎತ್ತಿ ತೋರಿಸಿದೆ. ಆ ಪುಣ್ಯಾತ್ಮ ಕುರ್ಚಿಯನ್ನೇ ಕಿಟಕಿಯ ಕಡೆ ತಿರುಗಿಸಿಕೊಂಡರು.

"ಸರಿಯಾಗಿ ಬೈಯೋಣ ಅಂತ ನಾನು ಕೋಟು ಹಾಕ್ಕೋತಿದ್ದೆ. ಅಷ್ಟರಲ್ಲಿ ಅವಳೇ ಬಾಗಿಲಿಗೆ ಬಂದ್ಲು. ಗಡಿಯಾರ ತಿರುಗೋದು ನನಗೆ ಗೊತ್ತಿರ್ಲಿಲ್ಲ, ತಪ್ಪು ನಂದು, ಮೇಲಿನ ಮನೆಯವರನ್ನ ಬೈಬೇಡಿ ಅಂದ್ಲು. ಬಟ್ಟೆ ಮತ್ತೆ ಒಗೆಸಿ ತಂದ್ಕೊಟ್ಲು. ಏನು ಕೆಟ್ಟಿತ್ತು, ಹೇಗೆ ಸರಿಮಾಡಿದೆ ಅಂತ ಬರೆದು ಗೋಡೆಗೂ ಅಂಟಿಸಿದ್ಲು. ಮೊನ್ನೆ ಗಡಿಯಾರ ಮತ್ತೆ ತಿರುಗ್ತಲ್ಲ, ಒಂದು ಕಾಲುಚೀಲ ಕೂಡ ಅತ್ತಿತ್ತ ಆಗ್ಲಿಲ್ಲ. ಇನ್ನೇನಾದ್ರೂ ಕೇಳ್ಬೇಕಾ? ನನಗೆ ಚಹಾ ಆರ್ತಾ ಇದೆ."

ಆಮೇಲಿನ ಮಾತು ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹುಡುಗಿ ಜಗಳಗಂಟಿ ಎಂದು ಹೇಳಿದ ಮೇಲೆ ರಂಗೋಲಿ ಚೆನ್ನಾಗಿ ಹಾಕುತ್ತಾಳೆ ಎಂದರೆ ಕೇಳುವವರು ಯಾರು? ಮನೆಗೆ ಬಂದು ಒಲೆ ಹಚ್ಚಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. "ಹುಷಾರಿಲ್ವೇನಮ್ಮ?" ಎಂದು ಮಗ ನಾಡಿ ಹಿಡಿದು ನೋಡಿದ.

ವಾರ ಮುಗಿಯುವ ಮೊದಲೇ ಉತ್ತರ ಬಂತು. ಸೊಸೆ ಗೋದಾಮಿಗೆ ಹೊರಟು ಬಾಗಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದಳು. ಫೋನಿನಲ್ಲಿ ಹೂಂ, ಹೂಂ ಎಂದಳು. ಇಟ್ಟವಳು ಒಂದೇ ಬೂಟಿನಲ್ಲಿ ಕುಂಟುತ್ತಾ ಬಂದು ನನ್ನನ್ನು ಅಪ್ಪಿಕೊಂಡಳು.

"ಕೆಲಸ ಸಿಕ್ತು ಅತ್ತೆ!"

ನನಗೆ ಅಳುವೇ ಬಂತು. ಇಬ್ಬರೂ ಚೆನ್ನಾಗಿ ಅತ್ತೆವು. ಮೂಗು ಒರೆಸಿಕೊಂಡು ಅವಳು ಹೇಳಿದಳು: "ನೀವು ಮಾಡಿದ ಒಂದು ತಪ್ಪು ಹೇಳಿ ಅಂತ ಅವತ್ತು ಸಂದರ್ಶನದಲ್ಲೇ ಕೇಳಿದ್ರು. ಗಡಿಯಾರದ ಕಥೆ ಪೂರ್ತಿ ಹೇಳಿದ್ದೆ. ಅದಕ್ಕೇ ಬಸ್ಸಜ್ಜನ ಹೆಸರು ಕೊಟ್ಟಿದ್ದು. ನಾನು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಎಳ್ಳಷ್ಟೂ ವ್ಯತ್ಯಾಸ ಇರ್ಲಿಲ್ವಂತೆ. ತಪ್ಪನ್ನ ತಾನಾಗಿ ಬಂದು ಹೇಳೋರೇ ನಮಗೆ ಬೇಕು, ಇಲ್ಲಿ ರೋಗಿಗಳ ವಿಷಯ ಅಂದ್ರು."

ಬಸ್ಸಜ್ಜ ನನ್ನ ತಿಂಡಿಯ ಋಣಕ್ಕೆ ಬಿದ್ದು 'ಅವಳಿಗೆ ತಪ್ಪೇ ಗೊತ್ತಿಲ್ಲ' ಎಂದಿದ್ದರೆ? ನನ್ನ ಸೊಸೆ ಸುಳ್ಳಿ ಎನಿಸಿಕೊಂಡು ಗೋದಾಮಿನಲ್ಲೇ ಉಳಿಯುತ್ತಿದ್ದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

ಮತ್ತೆ ತಿಂಡಿ ಮಾಡಿ ಕೆಳಗಿಳಿದೆ. ಬಾಗಿಲು ತೆರೆದ ಬಸ್ಸಜ್ಜ ಡಬ್ಬಿ ನೋಡಿ, "ಈ ಸಲ ಏನು ಹೇಳ್ಬಾರ್ದು?" ಎಂದರು.

"ಅಷ್ಟೇ ಬಾಕಿ ಇತ್ತು ನೋಡಿ! ಅವಳಿಗೆ ಕೆಲಸ ಸಿಕ್ತು. ಅಂದ ಹಾಗೆ, ನಾನು ಬಂದು ಕಿವಿ ಊದಿದ್ದು ಅವಳಿಗೆ ಹೇಳಿದ್ರಾ?"

"ಇಲ್ಲ. ಅವಳು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತೀನಿ." ಹೇಳಿ, ನಿಜವಾಗಿಯೂ ನಕ್ಕರು.

ಮೆಟ್ಟಿಲು ಹತ್ತುತ್ತಾ ಯೋಚಿಸಿದೆ. ಅವಳು ಕೇಳುವುದಿಲ್ಲ, ಕೇಳಲು ಅವಳಿಗೆ ಗೊತ್ತೇ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಆದರೆ ಕಾಲು ನೇರ ಅವಳ ಹತ್ತಿರವೇ ನಡೆಯಿತು.

"ಕೂತ್ಕೋ ಮಗಳೇ. ನೀನು ಕೇಳೋ ಮುಂಚೆ ಒಂದು ಮಾತು ಹೇಳ್ಬೇಕು" ಎಂದು ತಿಂಡಿಯಿಂದ ಹಿಡಿದು ಕಿಟಕಿಯ ಕಡೆ ತಿರುಗಿದ ಕುರ್ಚಿಯವರೆಗೆ ಎಲ್ಲ ಒದರಿದೆ. ಅವಳು ಕಣ್ಣು ಅರಳಿಸಿ ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೇಳಿಬಿಟ್ರೆ ಮುಗೀತಾ ಅತ್ತೆ? ಬರೆದು ಅಂಟಿಸ್ಬೇಕು. ಅದೇ ಪದ್ಧತಿ."

ಬರೆದೆ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗಲೂ ಇದೆ. 'ಆದ ತಪ್ಪು: ಬಸ್ಸಜ್ಜನಿಗೆ ಸುಳ್ಳು ಹೇಳಿಕೊಟ್ಟದ್ದು. ಮಾಡಿದವರು: ಅತ್ತೆ. ಸರಿಯಾದದ್ದು ಹೇಗೆ: ಅವರು ಅತ್ತೆಯ ಮಾತು ಕೇಳಲಿಲ್ಲ.'