ನೆಲದ ಹಣ್ಣು

"ಹೊಟ್ಟೇಲಿರೋದು ಎಂತದೇ ಅದು? ಅರೇಬಿಕಾನಾ, ರೋಬಸ್ಟಾನಾ?"

ತೋಟದ ಲೆಕ್ಕ ಬರೆಯುವ ರೈಟರ್ ಸಂತೋಷ ಬೆತ್ತದ ತುದಿಯನ್ನು ಅಂಬಿಕಾಳ ಹೊಟ್ಟೆಗೆ ಒತ್ತಿ ಹಿಡಿದು ಕೇಳಿದ. ತೋಟದ ಗೇಟಿನ ಹತ್ತಿರ ಕಾಫಿಹಣ್ಣಿನ ಚೀಲಗಳನ್ನು ಪಿಕಪ್ಪಿಗೆ ಹೇರುತ್ತಿದ್ದ ಗಂಡಸರು ಕಿಸಕ್ಕನೆ ನಕ್ಕರು. ಅಂದಿನ ಕೊಯ್ಲು ಮುಗಿಸಿ ಮನೆಗೆ ಹೊರಟ ಹೆಂಗಸರು ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬರೂ ನಗಲಿಲ್ಲ.

"ಬಸ್ರಿ ರೈಟ್ರೇ ನಾನು. ದಿನ ತುಂಬ್ತಾ ಬಂತು. ನಿಮ್ಗೆ ಗೊತ್ತಿಲ್ದೇ ಇರೋದಾ?"

"ಗೊತ್ತು ಗೊತ್ತು. ಕಾಫಿಗೆ ರೇಟ್ ಬಂದ್ ವರ್ಷ ಕಾಲೋನಿ ಹೆಂಗಸ್ರೆಲ್ಲ ಬಸ್ರಾಗ್ತಾರೆ. ಅಂಗಿ ಬಿಚ್ಚೇ, ಕಳ್ ಮುಂಡೆ."

ಅಂಬಿಕಾ ಸೀರೆಯ ಮೇಲೆ ತೊಟ್ಟಿದ್ದ ಗಂಡನ ಹಳೇ ಅಂಗಿಯ ಗುಂಡಿಗಳನ್ನು ಬಿಚ್ಚಿದಳು. ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ಹೇರುತ್ತಿದ್ದ ಗಂಡಸರು ಈಗ ಮುಖ ತಿರುಗಿಸಿ ಚೀಲದ ಬಾಯಿ ಕಟ್ಟತೊಡಗಿದರು. ನಗುವುದಕ್ಕೆ ಇದ್ದ ಧೈರ್ಯ ನೋಡುವುದಕ್ಕೆ ಇರಲಿಲ್ಲ.

ಸಾಲಿನಲ್ಲಿ ಹಿಂದೆ ನಿಂತಿದ್ದ ಅವಳ ಅತ್ತೆ ಗುಡ್ಡಮ್ಮ ಅಲ್ಲಿಂದಲೇ ಕೂಗಿದಳು.

"ಬೆತ್ತ ತೆಗೀರಿ ಸಂತೋಷಪ್ಪ. ಒಳಗೆ ಕೂಸದೆ."

"ನೀ ಬಾಯಿ ಮುಚ್ಚು ಮುದುಕಿ. ನಿನ್ ಸರದೀನೂ ಬರ್ತದೆ."

ಬಂತು. ಗುಡ್ಡಮ್ಮನ ಸೊಂಟದ ಎಲೆಯಡಿಕೆ ಚೀಲವನ್ನು ಅವನೇ ಕಿತ್ತುಕೊಂಡು ಕೊಡವಿದ. ಬಾಡಿದ ವೀಳ್ಯದೆಲೆ, ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ತುಂಡು ಬಿದ್ದವು. ಕೊನೆಗೆ ಎರಡು ಕಾಫಿಹಣ್ಣು ಉರುಳಿದವು.

ಅವು ಅಲ್ಲಿಗೆ ಹೇಗೆ ಬಂದವೆಂದು ಗುಡ್ಡಮ್ಮನಿಗೂ ಗೊತ್ತಿರಲಿಲ್ಲ. ಗಿಡದ ಬುಡದಲ್ಲಿ ಬಿದ್ದದ್ದನ್ನು ಕಂಡರೆ ಅವಳ ಕೈ ತಾನಾಗಿಯೇ ಬಾಗುತ್ತದೆ, ಬಾಗಿದ ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತದೆ. ಲಂಗ ಉಡುವ ಕಾಲದಿಂದ ಹಾಗೆಯೇ ಬಂದಿದೆ. ಯಾಕೆಂದರೆ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಆ ತೋಟದಲ್ಲಿ ಗಿಡದ ಹಣ್ಣು ಒಡೆಯರದು, ನೆಲಕ್ಕೆ ಉದುರಿದ್ದು ಕಾಲೋನಿಯ ಹೆಂಗಸರದು. ಅದಕ್ಕೆ ಹಕ್ಕಲು ಅಂತಲೇ ಹೆಸರು. ಎಲ್ಲರೂ ಕೂಡಿ ಆಯುತ್ತಾರೆ, ಕಾಲೋನಿಯ ಹಾಸುಬಂಡೆಯ ಮೇಲೆ ಒಣಗಿಸುತ್ತಾರೆ, ಆ ವರ್ಷ ಯಾರ ಮನೆಯಲ್ಲಿ ಬಾಣಂತನವೋ ಅವರಿಗೆ ಕೊಟ್ಟುಬಿಡುತ್ತಾರೆ. ಈ ಸಲದ ಹಕ್ಕಲು ಅಂಬಿಕಾಳದು.

ಸಂತೋಷ ಆ ಎರಡು ಹಣ್ಣನ್ನು ಹೆಕ್ಕಿ ಅವಳ ಅಂಗೈಗೆ ಹಾಕಿದ.

"ಒಡೇರ ಮನೆಗೆ ಹೋಗು. ಕದ್ದಿದ್ದೆ, ತಪ್ಪಾಯ್ತು ಅಂತ ನಿನ್ ಕೈಯಾರೆ ಕೊಟ್ಟು ಬಾ. ಇಲ್ದಿದ್ರೆ ನಾಳೆಯಿಂದ ಅತ್ತೆ ಸೊಸೆ ಇಬ್ರೂ ತೋಟಕ್ಕೆ ಕಾಲಿಡ್ಬೇಡಿ."

*

ಒಡೆಯರು ಸುಬ್ಬಯ್ಯನವರು ಜಗಲಿಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಗುಡ್ಡಮ್ಮ ಅಂಗಳದ ತುದಿಯಲ್ಲಿ ಮುಷ್ಟಿ ಕಟ್ಟಿಕೊಂಡು ನಿಂತಳು.

"ಬ್ರೆಜಿಲ್ಲಲ್ಲಿ ಬೆಳೆ ಇಲ್ವಂತೆ ಮಾರಾಯ. ವಿಯೆಟ್ನಾಮಲ್ಲೂ ಕಮ್ಮಿ. ನಮ್ಮಲ್ಲಿ ಹಣ್ಣು ಬೇಕಾದಷ್ಟದೆ, ಕೊಯ್ಯೋಕೆ ಜನ ಇಲ್ಲ. ಈ ಅಕಾಲ ಮಳೆಗೆ ಎಲ್ಲ ಒಟ್ಟಿಗೇ ಹಣ್ಣಾಗಿ ಕೂತದೆ. ಬಾಳೆಹೊನ್ನೂರು ಕಡೆ ಅರ್ಧಕ್ಕರ್ಧ ನೆಲಕ್ಕೆ ಹೋಯ್ತಂತೆ. ಎನ್.ಆರ್.ಪುರದ ಬದಿ ಆನೆ ಕಾಟ, ಕೆರೆಕಟ್ಟೆಲಿ ಹೆಜ್ಜೆ ಇಡಂಗಿಲ್ಲ ಮಳೆ. ಅಸ್ಸಾಮಿಂದ ಬಂದ ಕೂಲಿಯವ್ರನ್ನ ದೊಡ್ಡ ಎಸ್ಟೇಟ್ನವ್ರು ಎತ್ತಾಕ್ಕೊಂಡು ಹೋದ್ರು. ನಮ್ಗೆ ಈ ಕಾಲೋನಿ ಮುದುಕಿಯರೇ ಗತಿ."

ಗತಿಯಾದ ಮುದುಕಿ ಎದುರಿಗೇ ಇದ್ದಳು. ಅವಳನ್ನು ಕಂಡು ಒಡೆಯರ ಹೆಂಡತಿ ಸರೋಜಮ್ಮ ಕಾಫಿ ತಂದರು. ಮೊದಲೆಲ್ಲ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿದ್ದ ತೆಂಗಿನ ಚಿಪ್ಪನ್ನು ಗುಡ್ಡಮ್ಮನೇ ತೊಳೆದು ಹಿಡಿಯಬೇಕಿತ್ತು. ಈಗ ಕಾಲ ಸುಧಾರಿಸಿದೆ, ಪೇಪರ್ ಕಪ್ ಬಂದಿದೆ. ಸರೋಜಮ್ಮ ಕಪ್ಪನ್ನು ಮೆಟ್ಟಿಲ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಕುಡಿದು ಅಲ್ಲೇ ಗೊಬ್ಬರದ ಗುಂಡಿಗೆ ಎಸಿ ಗುಡ್ಡಮ್ಮ" ಎಂದರು.

ಫೋನಿಟ್ಟ ಸುಬ್ಬಯ್ಯನವರು, "ಎಂತ?" ಎಂದರು.

ಗುಡ್ಡಮ್ಮ ಹಣ್ಣುಗಳನ್ನು ಮೆಟ್ಟಿಲ ಮೇಲಿಟ್ಟಳು. "ಬುಡದಲ್ಲಿ ಬಿದ್ದಿತ್ತು ಒಡೇರೆ. ರೈಟ್ರು ಕೊಟ್ಟು ಬಾ ಅಂದ್ರು. ಅಂಬಿಕಾನ ಅಂಗಿ ಬಿಚ್ಚಿಸಿದ್ರು. ಹೊಟ್ಟೆಗೆ ಬೆತ್ತದಲ್ಲಿ ಚುಚ್ಚಿದ್ರು."

"ಹುಡುಗಾಟಕ್ಕೆ ಮಾಡಿರ್ತಾನೆ ಮಾರಾಯ್ತಿ. ಅದ್ನ ದೊಡ್ಡದು ಮಾಡ್ಬೇಡ." ಅವರು ಒಂದು ಹಣ್ಣನ್ನು ಎತ್ತಿ ಬೆರಳುಗಳ ನಡುವೆ ಹಿಸುಕಿ ನೋಡಿದರು. "ನೀನೇ ಬಂದಿದ್ದು ಒಳ್ಳೇದಾಯ್ತು. ಎಲ್ರಿಗೂ ಹೇಳ್ಬಿಡು. ಈ ಸಲ ಹಕ್ಕಲು ಗಿಕ್ಕಲು ಇಲ್ಲ. ನೆಲದ್ದೂ ನಾವೇ ಆರಿಸ್ತೀವಿ."

ಗುಡ್ಡಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಅದು ಹೆಂಗಾಗ್ತದೆ ಒಡೇರೆ? ನಿಮ್ಮಪ್ಪಯ್ಯನ ಕಾಲದಿಂದ ಬಂದಿದ್ದು. ಅದ್ರಲ್ಲೇ ಅಂಬಿಕಾಂಗೆ ಜೀಪ್ ಮಾಡ್ಬೇಕು. ದಿನ ತುಂಬೋ ಮೊದ್ಲೇ ಕೊಪ್ಪದಲ್ಲಿ ಆಸ್ಪತ್ರೆ ಹತ್ರ ಇಡ್ಬೇಕು ಅಂತ ಮಾಡಿದೀನಿ."

"ನೋವು ಬಂದಾಗ ಹೇಳು. ನಮ್ಮ ಪಿಕಪ್ಪೇ ಕಳಿಸ್ತೀನಿ."

"ಹೋದ್ಸಲಾನೂ ಹಂಗೇ ಹೇಳಿದ್ರಿ."

ಸುಬ್ಬಯ್ಯನವರ ಮುಖ ಕಪ್ಪಾಯಿತು. ಹೋದ ಸಲ ಅಂಬಿಕಾಳಿಗೆ ನೋವು ಬಂದ ದಿನ ಪಿಕಪ್ಪಿನ ತುಂಬ ಹಣ್ಣಿತ್ತು. ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮಿಷನ್ನಿಗೆ ಮುಟ್ಟಿಸದಿದ್ದರೆ ಹುಳಿ ಬರುತ್ತದೆ ಅಂತ ಗಾಡಿ ಮೊದಲು ಅತ್ತ ಹೋಯಿತು. ಬರುವಷ್ಟರಲ್ಲಿ ಕೂಸು ಹುಟ್ಟಿತ್ತು, ಅತ್ತಿರಲಿಲ್ಲ. ಗುಡ್ಡಮ್ಮ ಅದನ್ನು ಕಾಲೋನಿಯ ಹಿಂದೆ ಹಲಸಿನ ಮರದ ಬುಡದಲ್ಲಿ ಹೂತು ಬಂದಿದ್ದಳು.

"ಹಳೇದೆಲ್ಲ ಎತ್ತಿ ಆಡ್ಬೇಡ. ಹಣ್ಣು ಹುಳಿ ಬಂದಿದ್ರೆ ನಿಮ್ಗೆಲ್ಲ ನಾ ಎಲ್ಲಿಂದ ಕೂಲಿ ಕೊಡ್ಲಿ? ಬೆಳಿಗ್ಗೆ ಬೇಗ ಬನ್ನಿ. ಮೋಡ ಆಗದೆ."

ಬ್ರೆಜಿಲ್ ಎಂಬ ಊರು ಎಲ್ಲಿದೆಯೋ ಗುಡ್ಡಮ್ಮ ಕಾಣಳು. ಅಲ್ಲಿ ಬೆಳೆ ಹೋದರೆ ನಾರ್ವೆಯ ಬಸುರಿಯ ಹೊಟ್ಟೆಗೆ ಬೆತ್ತ ಬೀಳುತ್ತದೆ ಎಂಬುದಷ್ಟು ಅವಳಿಗೆ ಗೊತ್ತಾಯಿತು. ಕಾಫಿಯನ್ನು ಕುಡಿಯದೆ ಕಪ್ಪಿನ ಸಮೇತ ಗೊಬ್ಬರದ ಗುಂಡಿಗೆ ಎಸೆದು ಹೊರಟಳು.

*

ಹೆಂಗಸರೆಲ್ಲ ಹಳ್ಳದಲ್ಲಿ ಕೈಯ ಅಂಟು ತಿಕ್ಕುತ್ತಿದ್ದರು. ಅಂಬಿಕಾ ಕಲ್ಲಿನ ಮೇಲೆ ಕೂತು ನೀರನ್ನೇ ನೋಡುತ್ತಿದ್ದಳು. ಗುಡ್ಡಮ್ಮ ಬಂದು ಹಕ್ಕಲು ಹೋದ ಸುದ್ದಿ ಹೇಳಿದಳು.

"ಬಡವನ ಕೋಪ ದವಡೆಗೆ ಮೂಲ. ಎಂತ ಮಾಡೋಕಾಗ್ತದೆ?" ಎಂದಳು ಸೀತಕ್ಕ.

"ದವಡೆ ಇದ್ರಲ್ವನೇ ಮುರಿಯೋದು? ನಂದು ಉದುರಿ ಎಷ್ಟೋ ವರ್ಷ ಆಯ್ತು." ಬೊಚ್ಚುಬಾಯಿಯ ವೀರಮ್ಮ ಸೀರೆಯ ನೆರಿಗೆ ಹಿಂಡುತ್ತಾ ಎಂದಳು. "ಆ ಬೋಳಿಮಗನಿಗೆ ಬಸ್ರಿ ಹೊಟ್ಟೆ ನೋಡೋ ಚಟ ಅಲ್ವಾ? ನಾಳೆ ಎಲ್ರೂ ಬಸ್ರಿ ಆಗನ ಬನ್ರೇ. ನಾನೂ ಆಗ್ತೀನಿ."

ಯಾರೋ ಮುಸಿಮುಸಿ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಂಬಿಕಾಳಿಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿಕೊಂಡಿತು. ಗುಡ್ಡಮ್ಮ ಮಾತ್ರ ನಗದೆ ವೀರಮ್ಮನನ್ನು ದಿಟ್ಟಿಸಿ ನೋಡಿದಳು.

"ನಿಜ್ವಾಗ್ಲೂ ಆಗ್ತೀಯಾ?" ಎಂದಳು.

*

ಬೆಳಿಗ್ಗೆ ಮೋಡ ಮರದ ತಲೆಗೆ ಬಂದು ಕೂತಿತ್ತು. ಸುಬ್ಬಯ್ಯನವರು ಕೊಡೆ ಹಿಡಿದು ಗೇಟಿಗೇ ಬಂದು ನಿಂತಿದ್ದರು. ಒಂದು ಜೋರು ಮಳೆ ಬಂದರೆ ಮುಗಿಯಿತು, ಹಣ್ಣೆಲ್ಲ ಉದುರಿ ತೋಟಕ್ಕೆ ತೋಟವೇ ಬರಿದಾಗುತ್ತದೆ. "ಎಲ್ಲಿ ಸತ್ರೋ ಮುಂಡೆವು" ಎಂದು ಸಂತೋಷ ಅತ್ತಿಂದಿತ್ತ ತಿರುಗುತ್ತಿದ್ದ.

ಹೆಂಗಸರು ಬಂದರು. ಮುಂದೆ ಗುಡ್ಡಮ್ಮ, ಹಿಂದೆ ಮಿಕ್ಕವರು, ಒಬ್ಬೊಬ್ಬರಿಗೂ ಇಷ್ಟು ದೊಡ್ಡ ಹೊಟ್ಟೆ. ವೀರಮ್ಮ ಸೊಂಟಕ್ಕೆ ಕೈ ಕೊಟ್ಟು, ತುಂಬು ಬಸುರಿಯ ಹಾಗೆ ಏದುಸಿರು ಬಿಡುತ್ತಾ ಬಂದಳು. ಗೇಟಿನ ಎದುರು ಸಾಲಾಗಿ ನಿಂತರು. ಯಾರೂ ಒಳಗೆ ಕಾಲಿಡಲಿಲ್ಲ.

"ಎಂತ ನಾಟಕ ಇದು? ನಡೀರಿ ಒಳಗೆ!" ಸಂತೋಷ ಗದರಿದ.

"ನೋಡ್ದೇ ಹೆಂಗೆ ಬಿಡ್ತೀರಿ ರೈಟ್ರೇ? ಎಂತ ಅಡಗ್ಸಿದೀವೋ ಏನೋ." ಗುಡ್ಡಮ್ಮ ಹೊಟ್ಟೆ ಮುಂದೆ ಮಾಡಿದಳು. "ಚುಚ್ಚಿ ನೋಡಿ. ಅರೇಬಿಕಾನೋ ರೋಬಸ್ಟಾನೋ ಹೇಳಿ."

ಸಂತೋಷ ಒಡೆಯರ ಮುಖ ನೋಡಿದ. ಒಡೆಯರು ಆಕಾಶ ನೋಡಿದರು.

"ನಂದೂ ನೋಡಿ ರೈಟ್ರೇ," ವೀರಮ್ಮ ಹಿಂದಿನಿಂದ ಕೂಗಿದಳು. "ಅಪ್ಪ ಯಾರು ಅಂತ ಮಾತ್ರ ಕೇಳ್ಬೇಡಿ. ಹೇಳಿದ್ರೆ ಒಡೇರ ಮನೇಲಿ ಜಗಳ ಆಗ್ತದೆ."

ಸಾಲಿಗೆ ಸಾಲೇ ಗೊಳ್ಳೆಂದಿತು. ಸುಬ್ಬಯ್ಯನವರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಸಾಲಿನ ಕೊನೆಯಿಂದ ಅಂಬಿಕಾ ಮುಂದೆ ಬಂದಳು. ಯಾರೂ ಹೇಳಿರಲಿಲ್ಲ, ಅವಳೇ ಬಂದಳು. ಸಂತೋಷನ ಎದುರು ನಿಂತು ಅಂಗಿಯ ಗುಂಡಿ ಬಿಚ್ಚಿದಳು.

"ನಿನ್ನೆ ಇಷ್ಟ್ ಜನರ ಎದ್ರು ನೋಡಿದ್ರಲ್ಲ. ಇವತ್ತು ಹೇಳಿ. ಇಷ್ಟು ಜನದಲ್ಲಿ ಯಾರ್ದು ನಿಜದ್ದು, ಯಾರ್ದು ಕದ್ದಿದ್ದು?"

ಸಂತೋಷ ಬೆತ್ತವನ್ನು ಬೆನ್ನ ಹಿಂದೆ ಹಿಡಿದ. ಮೊದಲ ಹನಿ ಬಿತ್ತು. ಒಳಗೆ ತೋಟದಲ್ಲಿ ಪಟ್, ಪಟ್ ಎಂದು ಹಣ್ಣು ಉದುರುವ ಸದ್ದು ಕೇಳಿಸಿತು.

"ಸಾಕು ಮಾರಾಯ್ತಿ, ತಪ್ಪಾಯ್ತು ಅಂತಲೇ ಇಟ್ಕೊಳ್ಳಿ!" ಸುಬ್ಬಯ್ಯನವರು ಅರಚಿದರು. "ಹಣ್ಣು ಹೋಗ್ತದೆ. ಒಳಗೆ ಹೋಗಿ ಮೊದ್ಲು!"

ಗುಡ್ಡಮ್ಮ ಸೆರಗಿನ ಅಡಿಯಿಂದ ತನ್ನ ಹೊಟ್ಟೆ ಬಿಚ್ಚಿ ತೆಗೆದಳು. ಮಡಚಿ ಮಡಚಿ ಕಟ್ಟಿದ್ದ ಖಾಲಿ ಗೋಣಿಚೀಲ. ಹಿಂದೆ ಒಬ್ಬೊಬ್ಬರೂ ಬಿಚ್ಚಿದರು. ಎಲ್ಲ ಚೀಲಗಳೇ, ಹಕ್ಕಲಿಗೆಂದು ಕಾಲೋನಿಯಲ್ಲಿ ವರ್ಷವಿಡೀ ತೆಗೆದಿಟ್ಟವು. ಅವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ನಡೆದರು.

ಕೆಂಪಗೆ ಜೋತಿದ್ದ ಗಿಡಗಳ ಸಾಲಿನಲ್ಲಿ ಹೊಕ್ಕು ಎಲ್ಲರೂ ಕುಕ್ಕರುಗಾಲಿನಲ್ಲಿ ಕೂತರು. ಕೊಂಬೆಗೆ ಯಾರೂ ಕೈ ಹಾಕಲಿಲ್ಲ. ತಲೆ ಬಗ್ಗಿಸಿ ಬುಡದ ತರಗೆಲೆ ಸರಿಸಿ ಆಯತೊಡಗಿದರು. ಅಂಬಿಕಾಳಿಗೆ ಬಗ್ಗಲು ಆಗುತ್ತಿರಲಿಲ್ಲ. ಅವಳು ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು ನಿಂತಳು.

"ಏ! ಗಿಡದ್ದು ಕೊಯ್ರೇ! ಗಿಡದ್ದು!" ಸುಬ್ಬಯ್ಯನವರು ಕೊಡೆ ಬಿಸಾಕಿ ಓಡಿ ಬಂದರು. "ಪೊಲೀಸ್ರನ್ನ ಕರೆಸ್ತೀನಿ! ಮನೆ ಖಾಲಿ ಮಾಡಿಸ್ತೀನಿ, ಹಲ್ಕಟ್ ಮುಂಡೆವಾ!"

"ಕರೆಸಿ," ಎಂದಳು ಗುಡ್ಡಮ್ಮ, ತಲೆ ಎತ್ತದೆ. "ಗಿಡದಲ್ಲಿರೋದು ನಿಮ್ದು ಒಡೇರೆ. ಅದ್ನ ನಾವು ಮುಟ್ಟಲ್ಲ. ನೆಲದ್ದು ನಮ್ದು."

ಅಷ್ಟರಲ್ಲಿ ಗಾಳಿ ಎದ್ದಿತು. ಗುಡ್ಡದ ಮೇಲಿಂದ ಮಳೆ ದಪದಪನೆ ಇಳಿದು ಬಂತು. ಸುಬ್ಬಯ್ಯನವರು ಎರಡೂ ಕೈಯಲ್ಲಿ ಒಂದು ಕೊಂಬೆಯನ್ನು ತಬ್ಬಿ ಹಿಡಿದುಕೊಂಡರು. ತಬ್ಬಿದ ರಭಸಕ್ಕೆ ಅದರ ಹಣ್ಣೆಲ್ಲ ಕಳಚಿ, ಗುಡ್ಡಮ್ಮನ ಮಡಿಲಿನ ಮುಂದೆಯೇ ನೆಲಕ್ಕೆ ಬಿತ್ತು.