ಕಂಬಳಿ ಮೇಲೆ ಕೂತವರನ್ನು ಮಾತಾಡಿಸಬಾರದು

ಬೊಮ್ಮಲಿಂಗಪ್ಪನನ್ನು ಸೋಮವಾರ ಒಂದು ಮಾತು ಕೇಳಿದರೆ ಉತ್ತರ ಗುರುವಾರ ಬರುವುದುಂಟು. ಕೇಳಿದ ಕೂಡಲೆ ಅವನು ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿ, ಕೇಳಿದವರ ಮುಖ ಬಿಟ್ಟು ಅವರ ಹೆಗಲಿನಾಚೆ ಎಲ್ಲೋ ನೋಡುತ್ತ, "ಇರ್ರಿ, ಜೋಡಿಸ್ಕಂತೀನಿ" ಅನ್ನುತ್ತಾನೆ. ಅಂದಮೇಲೆ ನಿಜವಾಗಿಯೂ ಜೋಡಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಕೇಳಿದವರು ಚಹಾ ಕುಡಿದು, ಬಸ್ಸು ಹತ್ತಿ, ಊರು ಸೇರಿ, ತಾವು ಕೇಳಿದ್ದನ್ನೇ ಮರೆತಿರುತ್ತಾರೆ, ಅವನು ಮರೆತಿರುವುದಿಲ್ಲ. ಚಳ್ಳಕೆರೆಯಲ್ಲಿ ಚಹಾದಂಗಡಿ ಇಟ್ಟಿರುವ ಸೂರಪ್ಪ ಒಂದು ಬೆಳಗ್ಗೆ, ಗಿರಾಕಿಗಳು ನಗಲಿ ಎಂದು, "ಏನಪ್ಪಾ ಬೊಮ್ಮಲಿಂಗ, ಪ್ರಪಂಚ ಹೆಂಗೈತೆ?" ಎಂದು ಕೇಳಿದ. ನಾಲ್ಕನೆಯ ದಿನ ಸೂರಪ್ಪ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಬಳಿಸಿಕೊಂಡು, ಗಂಟಲ ಹತ್ತಿರ ಕತ್ತಿ ಆಡುತ್ತಿರುವಾಗ, ಬಾಗಿಲಲ್ಲಿ ಒಂದು ಕರಿ ಕೋಟು ಬಂದು ನಿಂತು ಹೇಳಿತು: "ಸೂರಪ್ಪಣ್ಣ, ಪರವಾಗಿಲ್ಲ. ಸದ್ದು ಜಾಸ್ತಿ ಐತೆ."

"ಯಾವ್ದಲೇ?" ಎಂದ ಸೂರಪ್ಪ, ತುಟಿ ಅಲುಗಿಸದೆ.

"ಪ್ರಪಂಚ" ಎಂದು ಹೇಳಿ ಬೊಮ್ಮಲಿಂಗಪ್ಪ ಹೊರಟುಹೋದ. ಅಂದಿನಿಂದ ಸೂರಪ್ಪ ಅವನನ್ನು ಕೇಳುವುದು ಸಕ್ಕರೆ ಎಷ್ಟು ಎಂಬುದೊಂದನ್ನೇ. ಅದಕ್ಕೆ ಉತ್ತರ ಹದಿನೈದು ವರ್ಷದ ಹಿಂದೆಯೇ ಜೋಡಣೆಯಾಗಿ ಸಿದ್ಧವಾಗಿದೆ.

ನಡೆಯುವಾಗ ಅವನ ಬಲಭುಜ ಗೋಡೆಗೆ ಸವರಿಕೊಂಡೇ ಹೋಗಬೇಕು. ಹೋಗುವಾಗ ಬೀದಿಯ ಒಂದು ಮಗ್ಗುಲು, ಬರುವಾಗ ಇನ್ನೊಂದು ಮಗ್ಗುಲು. ಗೋಡೆ ತುಂಡಾಗಿ ಎಲ್ಲಾದರೂ ಖಾಲಿ ನಿವೇಶನ ಬಂದರೆ ಅಲ್ಲಿ ಅರೆಗಳಿಗೆ ನಿಂತು, ನೀರಿಗಿಳಿಯುವವನ ಹಾಗೆ ಉಸಿರು ತೆಗೆದುಕೊಂಡು, ದಾಟುತ್ತಾನೆ. ಹೀಗಾಗಿ ಕೋಟಿನ ಬಲತೋಳು ನಾಲ್ಕು ಸಲ ತೇಪೆ ಕಂಡಿದೆ, ಎಡತೋಳು ಮದುವಣಿಗನ ಕೋಟಿನಂತೆ ಹೊಸದಾಗಿಯೇ ಇದೆ. ಕೋಟು ಅವರಪ್ಪನದು, ದಪ್ಪ ಉಣ್ಣೆಯದು. ಏಪ್ರಿಲ್ ಬಿಸಿಲಿಗೆ ಊರಿನ ನಾಯಿಗಳು ಚರಂಡಿಯ ತಂಪು ಹುಡುಕುವಾಗಲೂ ಅವನು ಅದನ್ನು ಬಿಚ್ಚುವವನಲ್ಲ. ಜೇಬು ನಾಲ್ಕು. ಒಂದರಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ಕೀಲಿ ಕಳೆದುಹೋದ ಒಂದು ದೊಡ್ಡ ಬೀಗ, ಉಳಿದೆರಡರಲ್ಲಿ ಒಂದೊಂದು ನುಣುಪು ಕಲ್ಲು. ಅವನ ಅಕ್ಕ ಯರ್ರಮ್ಮ, ಗಂಡ ತೀರಿಕೊಂಡ ಮೇಲೆ ಈ ತಮ್ಮನ ಜೊತೆಗೇ ಇರುವವಳು, "ಆ ಕಲ್ಲಾದ್ರೂ ತೆಗೆದಿಡೋ, ಹೊಲಿಗೆ ಬಿಡ್ತೈತೆ" ಎಂದು ಗೊಣಗಿದಾಗ ಅವನು ಎರಡು ದಿನ ಜೋಡಿಸಿಕೊಂಡು, "ಭಾರ ಇದ್ರೆ ನಾನು ಎಲ್ಲಿದೀನಿ ಅಂತ ಗೊತ್ತಾಗ್ತೈತೆ ಅಕ್ಕಾ" ಎಂದ. ಅವಳು ಮತ್ತೆ ಕಲ್ಲಿನ ಸುದ್ದಿಗೆ ಹೋಗಲಿಲ್ಲ. ಜೇಬಿಗೆ ಎರಡನೆಯ ಹೊಲಿಗೆ ಹಾಕಿದಳು.

ಕೆಲಸ ಚಂದ್ರಣ್ಣನ ಕಂಬಳಿ ಅಂಗಡಿಯಲ್ಲಿ. ಹಳ್ಳಿಗಳಿಂದ ನೇಯ್ದು ತಂದ ಕಂಬಳಿಯ ಮೇಲೆ ಬೊಮ್ಮಲಿಂಗಪ್ಪ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಸಾಕು, ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿ ಎಲ್ಲಿ ಹೆಚ್ಚಾಗಿದೆ, ಎಷ್ಟನೆಯ ಮೊಳದಲ್ಲಿ ನೇಯುವವನ ಮನಸ್ಸು ಬೇರೆಡೆ ಹೋಗಿತ್ತು ಎಲ್ಲ ಹೇಳುತ್ತಾನೆ. ತೊಂದರೆ ಏನೆಂದರೆ, ಅದನ್ನು ಗಿರಾಕಿಗೂ ಹೇಳುತ್ತಾನೆ. "ಇದು ಚುಚ್ತೈತೆ. ಬಾಣಂತಿಗೆ ಬ್ಯಾಡ. ಕುರಿ ಕಾಯೋರಿಗೆ ಆಗ್ತೈತೆ." ಮೊದಲ ವರ್ಷ ಚಂದ್ರಣ್ಣ ತಲೆಯ ಮೇಲೆ ಕೈ ಹೊತ್ತು, "ಲೇ, ನೀನು ನನ್ ಅಂಗಡೀಲಿ ಇದೀಯೋ, ಎದುರು ಅಂಗಡೀಲಿ ಇದೀಯೋ?" ಎಂದು ಕೇಳಿದ. ಅದು ಬೈಗುಳವೆಂದು ತಿಳಿಯದ ಬೊಮ್ಮಲಿಂಗಪ್ಪ ಮರುದಿನ ಅಂಗಡಿಯ ಬೋರ್ಡನ್ನೊಮ್ಮೆ ಓದಿ ಬಂದು, "ನಿನ್ನ ಅಂಗಡೀಲೇ" ಎಂದ. ಎರಡನೆಯ ವರ್ಷದಿಂದ ಜನ ಬಂದು, "ಬೊಮ್ಮಲಿಂಗಪ್ಪ ಮುಟ್ಟಿ ಹೂಂ ಅಂದಿದ್ದು ಕೊಡ್ರಿ" ಎಂದು ಕೇಳತೊಡಗಿದರು. ಚಂದ್ರಣ್ಣ ತಲೆಯ ಮೇಲಿಂದ ಕೈ ತೆಗೆದ.

ಸುನಿತಾ ಅವನನ್ನು ಕಂಡದ್ದು ಅಲ್ಲಿಯೇ. ಆಕೆ ವಿಶೇಷ ಮಕ್ಕಳಿಗೆ ಮನೆಮನೆಗೆ ಹೋಗಿ ಪಾಠ ಹೇಳುವ ಟೀಚರು. ಅತ್ತೆಗೆಂದು ಕಂಬಳಿ ಕೊಳ್ಳಲು ಬಂದವಳು ಕಂಬಳಿಯನ್ನು ಬಿಟ್ಟು ಇವನನ್ನೇ ನೋಡಿದಳು. ಮುಂದೆ ಒಂದು ವೈದ್ಯಕೀಯ ಶಿಬಿರಕ್ಕೆ ಕರೆದೊಯ್ದಳು. ಅಲ್ಲಿ ಡಾಕ್ಟರು ಅರ್ಧ ದಿನ ಕೂತು ಮಾತಾಡಿಸಿ, ಇದಕ್ಕೆ ಆಟಿಸಂ ಅನ್ನುತ್ತಾರೆ, ಇದು ರೋಗವಲ್ಲ, ಹುಟ್ಟಿನಿಂದಲೇ ಬಂದ ಮನಸ್ಸಿನ ಒಂದು ರೀತಿ, ಎಂದರು. ಅವನಿಗಾಗ ಮೂವತ್ತೊಂಬತ್ತು. ಯರ್ರಮ್ಮ ಸೆರಗು ಸರಿಮಾಡಿಕೊಂಡು, "ಇಷ್ಟು ವರ್ಷ ನಾವು ಇದಕ್ಕೆ ಬೊಮ್ಮಲಿಂಗ ಅಂತಿದ್ವಿ ಸಾರ್" ಎಂದಳು.

ಬೊಮ್ಮಲಿಂಗಪ್ಪ ಒಂಬತ್ತು ದಿನ ಜೋಡಿಸಿಕೊಂಡ. ಹತ್ತನೆಯ ದಿನ ಸುನಿತಾಳ ಮನೆಯ ಗೋಡೆ ಸವರಿಕೊಂಡು ಹೋಗಿ ಬಾಗಿಲಲ್ಲಿ ನಿಂತ. "ಮೇಡಂ, ಅದಕ್ಕೊಂದು ಹೆಸರು ಐತೆ ಅಂದ್ಮ್ಯಾಲೆ ಇನ್ನೂ ಜನ ಇರ್ಬೇಕಲ್ಲ. ಎಲ್ಲಿ ಅವ್ರೆ?"

ಆ ಒಂದು ಪ್ರಶ್ನೆಯಿಂದ ಬುಧವಾರದ ಕೂಟ ಹುಟ್ಟಿತು. ಸುನಿತಾ ಎರಡು ತಾಲ್ಲೂಕು ಹುಡುಕಿ ಇನ್ನೂ ಹನ್ನೊಂದು ಜನರನ್ನು ಕಂಡುಕೊಂಡಳು. ಎಲ್ಲರೂ ದೊಡ್ಡವರೇ, ಎಲ್ಲರೂ ತಮ್ಮ ತಮ್ಮ ಊರಲ್ಲಿ "ಒಂಥರಾ" ಎನಿಸಿಕೊಂಡವರೇ, ಮೊಳಕಾಲ್ಮೂರಿನ ಕಡೆಯವರು ತೆಲುಗಿನಲ್ಲಿ "ಪಿಚ್ಚಿ", ಅಂದರೆ ಹುಚ್ಚು, ಎಂದೂ ಅನಿಸಿಕೊಂಡವರು. ಬಸ್ ನಿಲ್ದಾಣದ ಹಿಂದೆ ಖಾಲಿ ಬಿದ್ದಿದ್ದ ಸರ್ಕಾರಿ ಕೋಣೆಯೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿ ಆಕೆ ತರಬೇತಿಯಲ್ಲಿ ಕಲಿಸಿದ ಹಾಗೆಯೇ ಶುರುಮಾಡಿದಳು. ಚಪ್ಪಾಳೆಯ ಹಾಡು ಅಂದಾಗ ಮೂವರು ಕಿವಿ ಮುಚ್ಚಿಕೊಂಡು ಹೊರಗೆ ಹೋದರು. ಆಮೇಲೆ ಚೆಂಡಿನಾಟ: ಚೆಂಡು ಯಾರ ಕೈಗೆ ಬರುತ್ತದೋ ಅವರು ತಮಗೆ ಇಷ್ಟವಾದದ್ದೊಂದನ್ನು ಹೇಳಿ ಮುಂದಕ್ಕೆ ಎಸೆಯಬೇಕು. ಮೊದಲಿಗೆ ಚೆಂಡು ಬೊಮ್ಮಲಿಂಗಪ್ಪನ ಕೈಗೆ ಬಂತು. ಅವನು "ಇರ್ರಿ, ಜೋಡಿಸ್ಕಂತೀನಿ" ಎಂದ. ಚೆಂಡು ಅವನ ಜೊತೆ ಮನೆಗೆ ಹೋಯಿತು. ಮುಂದಿನ ಬುಧವಾರ ಸರಿಯಾದ ಹೊತ್ತಿಗೆ ಬಂದು, "ಮೊದಲ ಸಲ ಕತ್ತರಿಸಿದ ಕುರಿಮರಿ ಉಣ್ಣೆ" ಎಂದು ಹೇಳಿ ಚೆಂಡನ್ನು ಎಸೆದ. ಚೆಂಡು ಹಿಡಿದವನು ಪಂಪ್‌ಸೆಟ್ ರಿಪೇರಿಯ ಮಹಾಂತೇಶ. ಅವನು ಅದನ್ನು ಬಿಚ್ಚಿ ಒಳಗೇನಿದೆ ನೋಡಿದ. ಆಟ ಅಲ್ಲಿಗೆ ಮುಗಿಯಿತು.

ಮೊಳಕಾಲ್ಮೂರಿನಿಂದ ಬರುತ್ತಿದ್ದ ಶಶಿರೇಖಾ ಮಾತ್ರ ಒಳಗೆ ಬರಲೇ ಇಲ್ಲ. ಮೂವತ್ತನಾಲ್ಕರ ಹೆಂಗಸು, ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವಳು. ಅಣ್ಣ ಬಸ್ಸಿನಲ್ಲಿ ಕರೆತಂದು ಬಿಟ್ಟರೆ ಹೊಸ್ತಿಲಾಚೆಯೇ ಎರಡು ತಾಸು ನಿಂತು ವಾಪಸ್ಸು ಹೋಗುತ್ತಿದ್ದಳು. ಒಳಗಿನಿಂದ ಒಬ್ಬರಾದ ಮೇಲೊಬ್ಬರು, "ಬಾಮ್ಮಾ, ಕುಂತ್ಕ, ಯಾಕೆ ನಿಂತೀಯಾ, ಊಟ ಆಯ್ತಾ" ಎಂದು ಕರೆದಷ್ಟೂ ಒಂದೊಂದು ಹೆಜ್ಜೆ ಹಿಂದಕ್ಕೆ ಹೋಗುವಳು. ಹೀಗೆ ಹನ್ನೊಂದು ಬುಧವಾರ. ಹನ್ನೆರಡನೆಯದಕ್ಕೆ ಬೊಮ್ಮಲಿಂಗಪ್ಪ ಅಂಗಡಿಯಿಂದ ಒಂದು ಕರಿ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ತಂದು, ಬಾಗಿಲ ಪಕ್ಕದ ಗೋಡೆಗೆ ಸೇರಿಸಿ ಹಾಸಿ, ಯಾರ ಮುಖವನ್ನೂ ನೋಡದೆ ಹೇಳಿದ:

"ಇದರ ಮ್ಯಾಲೆ ಕುಂತೋರನ್ನ ಮಾತಾಡಿಸ್ಬಾರ್ದು. ನೋಡ್ಬಾರ್ದು. ಅವರಾಗೇ ಎದ್ದು ಬರೋವರ್ಗೂ. ಚಹಾ ಅಂಚಿಗಿಟ್ಟು ಬರಬೋದು."

ಶಶಿರೇಖಾ ಹೊಸ್ತಿಲು ದಾಟಿ ಬಂದು ಕಂಬಳಿಯ ಮೇಲೆ ಕೂತಳು. ಮೂರು ಬುಧವಾರ ಸುಮ್ಮನೆ ಕೂತಳು. ನಾಲ್ಕನೆಯ ಬುಧವಾರ ಎದ್ದು ಕುರ್ಚಿಗೆ ಬಂದು ರೇಷ್ಮೆಗೆ ಬಣ್ಣ ಹಿಡಿಯುವ ವಿಷಯವಾಗಿ ಒಂದೂಕಾಲು ತಾಸು ಮಾತಾಡಿದಳು. ಮಧ್ಯೆ ಒಂದು ಸಲ ಮಹಾಂತೇಶನೇ ಹೋಗಿ ಕಂಬಳಿಯ ಮೇಲೆ ಕೂರಬೇಕಾಯಿತು. ಅಲ್ಲಿಂದಾಚೆಗೆ ಮಾತು, ಸದ್ದು ಸಾಕಾದವರೆಲ್ಲ ಕಂಬಳಿಗೆ ಹೋಗುವುದು, ಸರಿಹೋದ ಮೇಲೆ ಎದ್ದು ಬರುವುದು ವಾಡಿಕೆಯಾಯಿತು. ಯರ್ರಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. "ದೇವರಿಗೆ ಗದ್ದಿಗೆ ಹಾಕೋ ಕಂಬಳಿ ಕಣೋ ಅದು. ಹಿರೇರಿಗೆ ಹಾಸೋದು. ಸಿಕ್ಕಸಿಕ್ಕೋರು ಕೂರೋದಾ?" ಎಂದಳು.

ಶನಿವಾರ ಉತ್ತರ ಬಂತು. "ಅಕ್ಕಾ, ದೇವರನ್ನ ಕಂಬಳಿ ಮ್ಯಾಲೆ ಕೂರ್ಸಿ, ಮದುವೆ ಯಾವಾಗ ಅಂತ ಕೇಳ್ತೀವೇನು?"

ಎರಡು ವರ್ಷ ಹೀಗೆ ನಡೆದ ಮೇಲೆ ಕೋಣೆಗೆ ಕುತ್ತು ಬಂತು. ಅದರ ಒಡೆತನದ ಕಚೇರಿಯವರು ತಮ್ಮ ಮುರುಕು ಬೀರುಗಳನ್ನಿಡಲು ಜಾಗ ಬೇಕೆಂದರು. ಆ ಕಚೇರಿಯ ಸಾಹೇಬರು ಮುಂದಿನ ತಿಂಗಳ ಒಂದು ಬುಧವಾರ ತಾವೇ ಬಂದು ನೋಡಿ, ಕೂಟದವರ ಮಾತು ಕೇಳಿ, ಅಲ್ಲೇ ತೀರ್ಮಾನ ಹೇಳುವರೆಂದು ಗೊತ್ತಾಯಿತು. ಕೋಣೆ ಹೋದರೆ ಬೇರೆ ಕೋಣೆ ಸಿಗಬಹುದು. ಆದರೆ ಬೇರೆ ಹೊಸ್ತಿಲಿಗೆ ಶಶಿರೇಖಾ ಎಷ್ಟು ಬುಧವಾರ ನಿಲ್ಲಬೇಕೋ, ನಿಂತಾಳೋ ಇಲ್ಲವೋ, ಅದು ಬೊಮ್ಮಲಿಂಗಪ್ಪನ ನಿದ್ದೆ ಕೆಡಿಸಿತು. ಮಾತಾಡಲು ಅವನನ್ನೇ ಆರಿಸಿದರು. ಈ ಸಲ ಉತ್ತರ ಅಲ್ಲೇ ಬೇಕಾದ್ದರಿಂದ ಅವನು ಮೂರು ವಾರ ಮುಂಚಿತವಾಗಿಯೇ ಜೋಡಿಸಿಕೊಂಡು, ನಾಲ್ಕು ಪುಟ ಬರೆದು, ಟೇಪಿನ ಜೇಬಿನಲ್ಲಿಟ್ಟುಕೊಂಡ.

ಸಾಹೇಬರು ಬಂದರು. ಮುಂದೆ ಮುಂದೆ ಅವರ ಕಚೇರಿಯ ಜವಾನ ಕೊಟ್ಟೂರಪ್ಪ. ಒಳಗೆ ಕಾಲಿಟ್ಟ ಕೊಟ್ಟೂರಪ್ಪ ಸೀಳುಬಿಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನು ನೋಡಿದ, ಗೋಡೆಗೆ ಸೇರಿಸಿ ಶುಭ್ರವಾಗಿ ಹಾಸಿದ ಕರಿ ಕಂಬಳಿಯನ್ನು ನೋಡಿದ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಆಗುವ ಹಾಗೆ ಅವನಿಗೂ ಅರ್ಥ ಆಗಿಹೋಯಿತು. "ಬರ್ರಿ ಸಾರ್, ನಿಮಗೇ ಹಾಸವ್ರೆ, ಪಾಪ, ಮರ್ಯಾದಸ್ತ ಜನ" ಎಂದು ಸಾಹೇಬರನ್ನು ಬೂಟು ಬಿಚ್ಚಿಸಿ ಕಂಬಳಿಯ ಮೇಲೆ ಕೂರಿಸಿಯೇಬಿಟ್ಟ.

ಕೂಟದ ಹನ್ನೆರಡು ಜನರೂ ಒಟ್ಟಿಗೇ ಬೇರೆ ಕಡೆ ನೋಡಿದರು.

"ನಮಸ್ಕಾರ" ಎಂದರು ಸಾಹೇಬರು. ಯಾರೂ ಮಾತಾಡಲಿಲ್ಲ. "ಹೇಳ್ರಿ, ಏನ್ ನಿಮ್ಮ ವಿಷಯ?" ಫ್ಯಾನು ತಿರುಗುತ್ತಿತ್ತು. ಸುನಿತಾ ಎದ್ದು "ಸಾರ್—" ಅನ್ನುವಷ್ಟರಲ್ಲಿ ಮಹಾಂತೇಶ ಮೆಲ್ಲಗೆ, "ಮೇಡಂ, ಕಂಬಳಿ" ಎಂದ. ಶಶಿರೇಖಾ ಚಹಾದ ಲೋಟ ತಂದು, ಸಾಹೇಬರತ್ತ ಕಣ್ಣೆತ್ತದೆ, ಕಂಬಳಿಯ ಅಂಚಿಗಿಟ್ಟು ಹೋದಳು.

ಸುನಿತಾ ಬೊಮ್ಮಲಿಂಗಪ್ಪನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಅಣ್ಣಾ, ಇವತ್ತೊಂದಿನ ಬಿಡ್ರಿ. ಅವರು ಸಾಹೇಬ್ರು. ಹತ್ತು ನಿಮಿಷಕ್ಕೆ ಎದ್ದೋಗ್ತಾರೆ. ಕೋಣೆ ಹೋಗ್ತೈತೆ."

"ಇರ್ರಿ, ಜೋಡಿಸ್ಕಂತೀನಿ."

"ಅಣ್ಣಾ, ಜೋಡಿಸ್ಕಣಾಕೆ ಟೈಮಿಲ್ಲ."

ಅವನು ಜೇಬಿನೊಳಗಿನ ಕಲ್ಲನ್ನು ಹಿಡಿದುಕೊಂಡ. ಮಾತಾಡಿದರೆ ಕೋಣೆ ಉಳಿಯುತ್ತದೆ. ಆದರೆ ಸಾಹೇಬರು ಕೂತಾಗ ಮುರಿಯುವ ನೇಮ ನಾಳೆ ಯಾರು ಕೂತಾಗಲೂ ಮುರಿಯಬಹುದು, ಆಮೇಲೆ ಅಲ್ಲಿರುವುದು ಬರೀ ಉಣ್ಣೆ. ಶಶಿರೇಖಾ ಇವನ ಕೋಟಿನ ಗುಂಡಿಯನ್ನೇ ನೋಡುತ್ತಿದ್ದಳು. ಅವನ ಆಯುಷ್ಯದಲ್ಲೇ ಅತಿ ಬೇಗ ಜೋಡಣೆಯಾದ ಉತ್ತರ ಅದು: "ಅವರು ಎದ್ದ ಮ್ಯಾಲೆ ಮಾತಾಡಾನ."

ಸಾಹೇಬರ ಫೋನು ಎರಡು ಸಲ ಬಡಿದುಕೊಂಡಿತು. ಎಲ್ಲರೂ ಕಿವಿ ಮುಚ್ಚಿದ್ದನ್ನು ಕಂಡು ಅವರೇ ಅದನ್ನು ಆರಿಸಿಟ್ಟರು. ಚಹಾ ಕುಡಿದರು. ಗೋಡೆಗೆ ಒರಗಿದರು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಕೊಟ್ಟೂರಪ್ಪನಿಗೆ ಬೆವರು ಬರತೊಡಗಿತು. ಧಿಕ್ಕಾರ ಕೂಗುವವರನ್ನು, ಗೇಟು ಅಲುಗಾಡಿಸುವವರನ್ನು ಅವನು ಮೂವತ್ತು ವರ್ಷ ಸಂಭಾಳಿಸಿದ್ದಾನೆ, ಇಂಥದನ್ನು ಕಂಡಿರಲಿಲ್ಲ. ಬಗ್ಗಿ ಸಾಹೇಬರ ಕಿವಿಯಲ್ಲಿ, "ಸಾರ್, ಇದು ಮೌನ ಪ್ರತಿಭಟನೆ" ಎಂದ.

"ಪೇಪರ್‌ನೋರು ಬಂದವ್ರಾ?"

"ಇನ್ನೂ ಇಲ್ಲ ಸಾರ್."

ಸಾಹೇಬರು ಗಂಟಲು ಸರಿಮಾಡಿಕೊಂಡು, "ಆಯ್ತ್ರಿ. ಕೋಣೆ ನಿಮಗೇ ಇರಲಿ. ಬೀರು ಬೇರೆ ಕಡೆ ಇಡಿಸ್ತೀನಿ" ಎಂದು ಹೇಳಿ ಎದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರೇ ಆಗಿದ್ದರೂ ಮುಗಿಸುತ್ತಿದ್ದರು. ಸಾಹೇಬರ ಎರಡೂ ಕಾಲು ಕಂಬಳಿಯಿಂದ ಈಚೆ ಬಂದದ್ದನ್ನು ಖಾತ್ರಿ ಮಾಡಿಕೊಂಡು ಬೊಮ್ಮಲಿಂಗಪ್ಪ ಎದ್ದು ನಿಂತ. "ಸಾರ್, ಇದು ಪ್ರತಿಭಟನೆ ಅಲ್ಲ. ನೀವು ಕುಂತಿದ್ದು ಸಾಕಾದೋರ ಜಾಗ. ಅಲ್ಲಿ ಕುಂತೋರನ್ನ ನಾವು ಮಾತಾಡಿಸಲ್ಲ. ಕೊಟ್ಟೂರಪ್ಪನೋರು ತಪ್ಪು ತಿಳ್ಕಂಡ್ರು. ಹೆದರಿ ಕೊಟ್ಟಿದ್ರೆ ವಾಪಸ್ ತಗಳ್ರಿ, ನಮ್ಮ ಮಾತು ಕೇಳಿ ಕೊಡ್ರಿ."

ಸುನಿತಾ ಕಣ್ಣು ಮುಚ್ಚಿಕೊಂಡಳು. ಕೊಟ್ಟೂರಪ್ಪ ಸಾಹೇಬರ ಬೂಟುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಸಾಹೇಬರು ಬರಿಗಾಲಲ್ಲಿ ನಿಂತಿದ್ದರು. "ಅಂದ್ರೆ ನನಗೆ ಸಾಕಾಗೈತೆ ಅಂತ ನಿಮಗೆ ಅನ್ನಿಸ್ತಾ?"

"ಅದನ್ನ ನೀವ್ ಹೇಳ್ಬೇಕು ಸಾರ್. ನಾವು ಕೇಳಂಗಿಲ್ಲ."

ಸಾಹೇಬರ ಕಣ್ಣು ಅವನ ಜೇಬಿನಿಂದ ಇಣುಕುತ್ತಿದ್ದ ಕಾಗದದ ಮೇಲೆ ಬಿತ್ತು. "ಓದ್ರಿ" ಎಂದರು. ಬೊಮ್ಮಲಿಂಗಪ್ಪ ನಾಲ್ಕು ಪುಟ ತೆಗೆದ. ಎರಡನೆಯ ಪುಟದ ಕೊನೆಗೆ ಸಾಹೇಬರು, "ಒಪ್ಪಿದೆ ಕಣ್ರೀ, ಬುಧವಾರ ಕೋಣೆ ನಿಮ್ಮದೇ" ಎಂದರೆ ಇವನು ತಲೆಯೆತ್ತದೆ, "ಇನ್ನೆರಡು ಪುಟ ಐತೆ ಸಾರ್" ಎಂದು ಮುಂದುವರಿಸಿದ. ಸಾಹೇಬರು ಪೂರ್ತಿ ನಿಂತು ಕೇಳಿದರು. ಅಪ್ಪಣೆಯ ಕಾಗದ ಮರುವಾರ ಬಂತು. ಅದರಲ್ಲಿ ಎಲ್ಲ ಸರ್ಕಾರಿ ಕಾಗದಗಳಲ್ಲಿ ಇರುವಂತೆ, ಸ್ಥಳದಲ್ಲಿ ಶಾಂತತೆ ಕಾಪಾಡತಕ್ಕದ್ದು ಎಂಬ ಷರತ್ತಿತ್ತು. ಬೊಮ್ಮಲಿಂಗಪ್ಪ ಅದನ್ನು ಪಕ್ಕದ ಟೈರ್ ಅಂಗಡಿಯವರಿಗೂ ಓದಿಹೇಳಿ ಬಂದಿದ್ದಾನೆ.

ಬೊಮ್ಮಲಿಂಗಪ್ಪನಂಥವರು ಎಲ್ಲ ಊರಲ್ಲೂ ಇದ್ದರು. ಒಬ್ಬೊಬ್ಬರೇ ಒಂದೊಂದು ಮನೆಯಲ್ಲಿ ಇದ್ದರು, ಅಷ್ಟೆ. ನಾವು ಎದುರಿಗೆ ಸಿಕ್ಕವರನ್ನೆಲ್ಲ ಚೆನ್ನಾಗಿದೀರಾ ಎಂದು ಕೇಳುತ್ತೇವೆ, ಅವರು ಹೂಂ ಅನ್ನುವ ಮೊದಲೇ ಎರಡು ಹೆಜ್ಜೆ ಮುಂದೆ ಹೋಗಿರುತ್ತೇವೆ, ಅವರೂ ಹೋಗಿರುತ್ತಾರೆ. ಇಂಥವರನ್ನು ಕೇಳಿದರೆ ಮಾತ್ರ, ಚೆನ್ನಾಗಿದ್ದೇವೆಯೋ ಇಲ್ಲವೋ ಎಂದು ಅವರು ನಿಜಕ್ಕೂ ಒಳಗೆ ಹೋಗಿ, ಒಂದೊಂದು ಕೋಣೆಯ ಬಾಗಿಲನ್ನೂ ತೆಗೆದು ನೋಡಿಬರುತ್ತಾರೆ. ಹೋಗಿಬರಲು ಹೊತ್ತು ಹಿಡಿಯುತ್ತದೆ. ಅವರು ಉತ್ತರ ಹಿಡಿದುಕೊಂಡು ಬಾಗಿಲಿಗೆ ಬರುವಾಗ ಕೇಳಿದವರು ಅಲ್ಲಿರುವುದು ಕಡಿಮೆ.